ಮದುವೆ ಉಡುಗೊರೆಗೆ ಮರದ ಗಾಬ್ಲೆಟ್: ಲೇತ್ ಮೇಲೆ ಕಡೆಯುವ ಬಗೆ

ಗೆಳೆಯನ ಮದುವೆಗೆಂದು ನಾನು ಲೇತ್ ಮೇಲೆ, ಅಂದ್ರೆ ಮರವನ್ನು ತಿರುಗಿಸಿ ಕಡೆಯುವ ಯಂತ್ರದ ಮೇಲೆ, ಕಡೆದ ಮೊದಲ ಗಾಬ್ಲೆಟ್ (ದಂಟು, ಪಾದ ಇರುವ ಕುಡಿಯುವ ಬಟ್ಟಲು) ಮುಗಿಯುವ ಹೊತ್ತಿಗೆ ಮುರಿಯಿತು. ಬಟ್ಟಲು ಚೆನ್ನಾಗಿ ಬಂದಿತ್ತು. ದಂಟೂ ತೆಳ್ಳಗೆ, ನೆಟ್ಟಗೆ ಬಂದಿತ್ತು. ಆಗ ಬಾಯಂಚು ಸ್ವಲ್ಪ ದಪ್ಪ ಅನ್ನಿಸಿತು. ಒಂದೇ ಒಂದು ಸಲ ತಾಗಿಸೋಣ ಅಂತ ಉಳಿ ಇಟ್ಟೆ. ಬಟ್ಟಲು ನಡುಗಿತು, ಉಳಿ ಕಚ್ಚಿತು, ದಂಟು ಪಟ್ ಅಂತ ತುಂಡಾಯಿತು. ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡು ಎಷ್ಟೋ ಹೊತ್ತು ಸುಮ್ನೆ ನಿಂತಿದ್ದೆ.

ತಪ್ಪು ಆ ಒಂದು ಕಟ್‌ನಲ್ಲಿ ಇರಲಿಲ್ಲ, ಹಿಂದಕ್ಕೆ ಹೋದದ್ದರಲ್ಲಿ ಇತ್ತು. ಗಾಬ್ಲೆಟ್ ಕಡೆಯುವುದು ಬಾಯಿಂದ ಪಾದದ ಕಡೆಗೆ, ಒಂದೇ ದಿಕ್ಕಿನಲ್ಲಿ. ಮೊದಲು ಒಳಭಾಗ, ಆಮೇಲೆ ಹೊರಮೈ, ಆಮೇಲೆ ದಂಟು, ಕೊನೆಗೆ ಪಾದ. ಒಂದು ಭಾಗವನ್ನು ಉಜ್ಜಿ ನಯ ಮಾಡಿ ಪೂರ್ತಿ ಮುಗಿಸಿದ ಮೇಲೆಯೇ ಮುಂದಿನ ಭಾಗ. ದಾಟಿ ಬಂದ ಜಾಗವನ್ನು ಉಳಿ ಮತ್ತೆ ಮುಟ್ಟಬಾರದು. ಕೆಳಗಿನ ಹಂತಗಳೆಲ್ಲ ಇದೇ ಲೆಕ್ಕದಲ್ಲಿವೆ.

ನಾವು ಮಾಡುವ ಗಾಬ್ಲೆಟ್ 170 ಮಿ.ಮೀ. ಎತ್ತರದ್ದು: ಬಟ್ಟಲು 80, ದಂಟು 75, ಪಾದ 15. ಬಾಯಿ 70 ಮಿ.ಮೀ. ಅಗಲ. ದಂಟಿನ ಮೇಲೆ ಎರಡು ಬಿಡಿ ಬಳೆಗಳು ಇರುತ್ತವೆ. ಅವನ್ನು ಅದೇ ಮರದಿಂದ, ದಂಟಿನ ಮೇಲೆಯೇ ಕಡೆದು ಬಿಡಿಸುತ್ತೇವೆ. ಅಂಟು ಇಲ್ಲ, ಜೋಡಣೆ ಇಲ್ಲ. ಎರಡೂ ಬೇರೆ ಬೇರೆಯಾಗಿ ಓಡಾಡುತ್ತವೆ, ಆದರೆ ದಂಟು ಬಿಟ್ಟು ಹೊರಗೆ ಬರುವುದಿಲ್ಲ. ಮದುವೆ ಉಡುಗೊರೆಗೆ ಇದಕ್ಕಿಂತ ಒಪ್ಪುವ ಅಲಂಕಾರ ನನಗೆ ಗೊತ್ತಿಲ್ಲ.

ಮದುವೆ ದಿನದಿಂದ ಹಿಂದಕ್ಕೆ ಎಣಿಸಿ

ಕಡೆಯುವ ಕೆಲಸ ಒಂದು ದಿನದ್ದು. ಎಣ್ಣೆ ಒಣಗುವುದಕ್ಕೆ ಮಾತ್ರ ವಾರಗಟ್ಟಲೆ ಬೇಕು. ಟಂಗ್ ಎಣ್ಣೆ (ಟಂಗ್ ಮರದ ಬೀಜದ ಎಣ್ಣೆ) ಹಚ್ಚಿದರೆ ಪೂರ್ತಿ ಗಟ್ಟಿಯಾಗಲು ಸುಮಾರು ಒಂದು ತಿಂಗಳು. ಹಾಗಾಗಿ ಕನಿಷ್ಠ ಆರು ವಾರ ಮೊದಲು ಶುರು ಮಾಡಿ. ಒಂದೇ ಅಳತೆಯ ಎರಡು ತುಂಡು ತಯಾರು ಇಟ್ಟುಕೊಳ್ಳಿ. ಎರಡನೇ ತುಂಡು ಪಕ್ಕದಲ್ಲಿದ್ದರೆ ಕೈ ನಡುಗುವುದಿಲ್ಲ.

ಮರ

75 ಮಿ.ಮೀ. ಚೌಕ, 220 ಮಿ.ಮೀ. ಉದ್ದದ ತುಂಡು ಬೇಕು. ಮರದ ಎಳೆ ಉದ್ದಕ್ಕೆ, ಅಂದ್ರೆ ಬಾಯಿಂದ ಪಾದದವರೆಗೆ ಓಡಬೇಕು. 10 ಮಿ.ಮೀ. ದಪ್ಪದ ದಂಟು ನಿಲ್ಲುವುದೇ ಈ ಎಳೆಗಳ ಬಲದಿಂದ. ತುಂಡಿನ ನಾಲ್ಕೂ ಮುಖ ತಿರುಗಿಸಿ ನೋಡಿ. ಎಳೆಯ ಗೆರೆಗಳು ಅಂಚಿಗೆ ಸಮನಾಗಿ ಓಡುತ್ತಿದ್ದರೆ ಒಳ್ಳೆಯದು. ಓರೆಯಾಗಿ ಓಡಿ ಪಕ್ಕಕ್ಕೆ ಹೊರಬರುತ್ತಿದ್ದರೆ ದಂಟು ಆ ಓರೆಯಲ್ಲೇ ಮುರಿಯುತ್ತದೆ. ನೋಡಲು ಎಷ್ಟೇ ಚೆಂದ ಇದ್ದರೂ ಅಂಥ ತುಂಡು ಬೇಡ. ಗಂಟಿರುವ ತುಂಡೂ ಬೇಡ.

ಮರದ ನಟ್ಟನಡುವಿನ ತಿರುಳು ತುಂಡಿನಲ್ಲಿ ಇರಬಾರದು. ಒಣಗುವಾಗ ಮರ ಎಲ್ಲ ಕಡೆಗೂ ಒಂದೇ ಸಮ ಕುಗ್ಗುವುದಿಲ್ಲ. ಬೆಳವಣಿಗೆಯ ಸುತ್ತುಗಳ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆ ಕಡೆಗೆ ಆಗುವುದಕ್ಕಿಂತ ಸುಮಾರು ಎರಡು ಪಟ್ಟು ಜಾಸ್ತಿ. ತಿರುಳು ಒಳಗೆ ಉಳಿದರೆ ಆ ಎಳೆದಾಟಕ್ಕೆ ಮರ ಸೀಳುತ್ತದೆ. ಹಸಿ ಮರದ ಬಟ್ಟಲಿನ ಬಾಯಿ ಕೆಲವೇ ದಿನಗಳಲ್ಲಿ ಮೊಟ್ಟೆಯಾಕಾರಕ್ಕೆ ತಿರುಗುವುದೂ ಇದೇ ಕಾರಣಕ್ಕೆ. ಉಡುಗೊರೆಗೆ ಚೆನ್ನಾಗಿ ಒಣಗಿದ ಮರವನ್ನೇ ತೆಗೆದುಕೊಳ್ಳಿ. ತೇವ 12 ಶೇಕಡಾಕ್ಕಿಂತ ಕೆಳಗಿದ್ದರೆ ನಿಶ್ಚಿಂತೆ.

ಜಾತಿಯ ವಿಷಯಕ್ಕೆ ಬಂದರೆ ಸಣ್ಣ ರಂಧ್ರದ, ಒತ್ತಾದ ಮರ ಬೇಕು. ಮೇಪಲ್, ಚೆರಿ, ಬೀಚ್, ಪೇರ್ ಇವೆಲ್ಲ ಚೆನ್ನಾಗಿ ಕಡೆಯುತ್ತವೆ. ನನಗೆ ಹಣ್ಣಿನ ಮರಗಳೇ ಇಷ್ಟ. ಉಳಿಗೆ ಬೆಣ್ಣೆ ಹಾಗೆ ಸಿಗುತ್ತವೆ. ರೆಡ್ ಓಕ್ ಬೇಡವೇ ಬೇಡ. ಅದರ ಕೊಳವೆಗಳು ಎಷ್ಟು ತೆರೆದಿರುತ್ತವೆ ಅಂದ್ರೆ, ಉದ್ದಕ್ಕೆ ಸೀಳಿದ ಕಡ್ಡಿಯ ಒಂದು ತುದಿಯಲ್ಲಿ ಊದಿದರೆ ಇನ್ನೊಂದು ತುದಿಯಲ್ಲಿ ಗಾಳಿ ಬರುತ್ತದೆ. ಅದರಲ್ಲಿ ಬಟ್ಟಲು ಮಾಡಿದರೆ ಪಾನೀಯ ಜಿನುಗದೇ ಇರುತ್ತದಾ? ಯೂ ಮರದ ಬಣ್ಣ ಅದ್ಭುತ, ಕಡೆಯುವವರಿಗೆ ಪ್ರೀತಿಯ ಮರ. ಆದರೆ ಅದು ವಿಷದ ಮರ. ತುಟಿಗೆ ತಾಗುವ ವಸ್ತುವಿಗೆ ಬಳಸಬಾರದು.

ಲೇತ್ ಚಾಲು ಮಾಡುವ ಮೊದಲು

ಮುಖಕ್ಕೆ ಪೂರ್ತಿ ಮುಚ್ಚುವ ಶೀಲ್ಡ್ ಹಾಕಿ, ಬರೀ ಕನ್ನಡಕ ಸಾಲದು. ಕೈಗವಸು ಬೇಡ. ಕೈಯ ಉಂಗುರ, ಬಳೆ, ವಾಚು ತೆಗೆದಿಡಿ. ತೋಳು ಮಡಚಿ, ಕೂದಲು ಕಟ್ಟಿಕೊಳ್ಳಿ. ಉಜ್ಜುವಾಗ ಧೂಳಿನ ಮಾಸ್ಕ್ ಬೇಕೇ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಒಂದು ಗಾಬ್ಲೆಟ್ ತಾನೇ ಅಂತ ಬಿಡಬೇಡಿ.

ಬೇಕಾಗುವ ಉಳಿಗಳು: ಒರಟು ಕೆಲಸಕ್ಕೆ 20 ಮಿ.ಮೀ.ನ ಸ್ಪಿಂಡಲ್ ರಫಿಂಗ್ ಗೌಜ್ (ಗೌಜ್ ಅಂದ್ರೆ ಉದ್ದಕ್ಕೆ ತೋಡಿರುವ ಉಳಿ), 10 ಮಿ.ಮೀ.ನ ಸ್ಪಿಂಡಲ್ ಗೌಜ್, 3 ಮಿ.ಮೀ.ನ ಪಾರ್ಟಿಂಗ್ ಟೂಲ್ (ಕತ್ತರಿಸಿ ಬೇರ್ಪಡಿಸುವ ತೆಳು ಉಳಿ), ಗುಂಡು ಮೂಗಿನ ಸ್ಕ್ರೇಪರ್ (ಕೆರೆಯುವ ಉಳಿ). ಬಳೆಗೆ ಕೊಕ್ಕೆಯಂಥ ಒಂದು ಸಣ್ಣ ಟೂಲ್ ಬೇಕು. ಇದು ಸಿದ್ಧವಾಗಿಯೂ ಸಿಗುತ್ತದೆ. ಹಳೆಯ ಅಲೆನ್ ಕೀಯ ಬಾಗಿದ ತುದಿಯನ್ನು ಸಾಣೆ ಹಿಡಿದು, ಗಟ್ಟಿ ಹಿಡಿ ಹಾಕಿಯೂ ಮಾಡಿಕೊಳ್ಳಬಹುದು. ಜೊತೆಗೆ ತುಂಡನ್ನು ಕಚ್ಚಿ ಹಿಡಿಯುವ ನಾಲ್ಕು ದವಡೆಯ ಚಕ್, ಕೊರೆಯುವ ಬಿಟ್ ಹಿಡಿಯುವ ಡ್ರಿಲ್ ಚಕ್, ದಪ್ಪ ಅಳೆಯುವ ಕ್ಯಾಲಿಪರ್.

1. ಗುಂಡಗೆ ಮಾಡಿ, ಚಕ್‌ಗೆ ಕೂರಿಸಿ

ತುಂಡಿನ ಎರಡೂ ತುದಿಯಲ್ಲಿ ಮೂಲೆಯಿಂದ ಮೂಲೆಗೆ ಗೆರೆ ಎಳೆದು ನಡು ಗುರುತಿಸಿ. ಲೇತ್‌ನ ಎರಡು ಸೆಂಟರ್‌ಗಳ, ಅಂದ್ರೆ ತುಂಡನ್ನು ಎರಡೂ ತುದಿಯಲ್ಲಿ ಹಿಡಿಯುವ ಮೊನೆಗಳ, ನಡುವೆ ಕೂರಿಸಿ. ಚಾಲು ಮಾಡುವ ಮುನ್ನ ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಟೂಲ್ ರೆಸ್ಟ್‌ಗೆ (ಉಳಿ ಊರುವ ಪಟ್ಟಿಗೆ) ಎಲ್ಲೂ ತಾಗಬಾರದು. ವೇಗ ನಿಮಿಷಕ್ಕೆ 800 ಸುತ್ತು ಸಾಕು. ರಫಿಂಗ್ ಗೌಜ್‌ನಿಂದ ಮೂಲೆ ತೆಗೆದು ಗುಂಡಗೆ ಮಾಡಿ. ಗುಂಡಗಾದ ಮೇಲೆ 1,200ಕ್ಕೆ ಏರಿಸಬಹುದು.

ಒಂದು ತುದಿಯಲ್ಲಿ ಚಕ್ ಹಿಡಿಯಲು ಗಿಡ್ಡ ಗೂಟ ಕಡೆಯಿರಿ. ಇದೇ ಟೆನನ್. 50 ಮಿ.ಮೀ. ದವಡೆಯ ಚಕ್ ಆದರೆ ಟೆನನ್ ಅದಕ್ಕಿಂತ ತುಸು ದಪ್ಪ, 8ರಿಂದ 10 ಮಿ.ಮೀ. ಉದ್ದ. ಇದನ್ನು ಅವಸರದಲ್ಲಿ ಮಾಡಬೇಡಿ. ಟೆನನ್‌ನ ಭುಜ, ಅಂದ್ರೆ ಅದರ ಸುತ್ತಲಿನ ಸಮ ಮುಖ, ದವಡೆಗಳಿಗೆ ಒತ್ತಿ ಕೂರಬೇಕು. ಟೆನನ್‌ನ ತುದಿ ಮಾತ್ರ ಚಕ್‌ನ ತಳಕ್ಕೆ ತಾಗಬಾರದು. ತಾಗಿದರೆ ಭುಜ ಕೂರುವುದಿಲ್ಲ, ತುಂಡು ಅಲ್ಲಾಡುತ್ತದೆ. ಇಷ್ಟು ಉದ್ದದ ತುಂಡನ್ನು ಒಂದೇ ತುದಿಯಲ್ಲಿ ಹಿಡಿದು ಒಳಗೆ ಕೊರೆಯುತ್ತೇವೆ, ಹಿಡಿತ ಸಡಿಲ ಇದ್ದರೆ ಮುಂದಿನ ಯಾವುದೂ ಸರಿ ಬರುವುದಿಲ್ಲ.

ಚಕ್‌ಗೆ ಹಾಕಿದ ಮೇಲೆ ಮತ್ತೊಮ್ಮೆ ಲಘುವಾಗಿ ಸುತ್ತು ಸಮ ಮಾಡಿ, ತೆರೆದ ತುದಿಯನ್ನೂ ಸಮ ಮಾಡಿ. ಇಲ್ಲಿಂದ ಮುಂದೆ, ಕೆಲಸ ಮುಗಿಯುವವರೆಗೂ ತುಂಡನ್ನು ಚಕ್‌ನಿಂದ ಬಿಚ್ಚಬೇಡಿ. ಬಿಚ್ಚಿ ಹಾಕಿದರೆ ಮೊದಲಿನಷ್ಟೇ ಸಮ ಮತ್ತೆ ಕೂರುವುದು ಕಷ್ಟ.

2. ಒಳಭಾಗ ಮೊದಲು

ಒಳಗೆ ಕೊರೆಯುವಾಗ ಹಿಂದೆ ದಪ್ಪ ಮರ ಇರಬೇಕು. ಅದಕ್ಕೇ ಇದು ಮೊದಲು.

ಟೇಲ್ ಸ್ಟಾಕ್‌ಗೆ (ಚಕ್‌ಗೆ ಎದುರಿರುವ, ಸರಿಸಬಹುದಾದ ಲೇತ್‌ನ ತುದಿಗೆ) ಡ್ರಿಲ್ ಚಕ್ ಹಾಕಿ, 10 ಮಿ.ಮೀ.ನ ಬಿಟ್‌ನಿಂದ ನಡುವೆ 65 ಮಿ.ಮೀ. ಆಳ ಕೊರೆಯಿರಿ. ವೇಗ 500 ಸುತ್ತಿಗೆ ಇಳಿಸಿ. ಬಿಟ್ ಮೇಲೆ ಟೇಪ್ ಸುತ್ತಿ ಆಳ ಗುರುತು ಮಾಡಿಕೊಳ್ಳಿ. ಆಗಾಗ ಹೊರಗೆಳೆದು ಹೊಟ್ಟು ತೆಗೆಯಿರಿ, ಇಲ್ಲದಿದ್ದರೆ ಬಿಸಿಯಾಗಿ ಮರ ಸುಡುತ್ತದೆ.

ಈಗ ಸ್ಪಿಂಡಲ್ ಗೌಜ್. ಟೂಲ್ ರೆಸ್ಟ್ ಅನ್ನು ತುಂಡಿನ ಮುಖಕ್ಕೆ ಅಡ್ಡವಾಗಿ ಇಡಿ. ಇಲ್ಲಿ ಎಳೆಗಳ ತುದಿ ನಮ್ಮ ಕಡೆ ನೋಡುತ್ತಿರುತ್ತದೆ. ಹಾಗಾಗಿ ನಡುವಿನಿಂದ ಅಂಚಿನ ಕಡೆಗೆ ಕಟ್ ಮಾಡಬೇಕು. ಆಗ ಪ್ರತಿ ಎಳೆಗೂ ಅದರ ಹಿಂದಿನ ಎಳೆಯ ಆಸರೆ ಇರುತ್ತದೆ. ಅಂಚಿನಿಂದ ನಡುವಿಗೆ ಹೋದರೆ ಎಳೆ ಕಿತ್ತು ಬರುತ್ತದೆ. ಉಳಿಯ ತೋಡನ್ನು ಗಡಿಯಾರದ 10ರ ಕಡೆಗೆ ತಿರುಗಿಸಿ, ಮೂಗನ್ನು ಕೊರೆದ ತೂತಿನ ಬಾಯಲ್ಲಿ ಇಡಿ. ಹಿಡಿಯನ್ನು ನಿಮ್ಮಿಂದ ಆಚೆಗೆ ನಿಧಾನ ಸರಿಸಿ. ಮೂಗು ಕಮಾನಿನ ಹಾಗೆ ನಿಮ್ಮ ಕಡೆಗೆ ಬರುತ್ತಾ ಕತ್ತರಿಸುತ್ತದೆ. ಪ್ರತಿ ಸಲ ಸ್ವಲ್ಪ ಸ್ವಲ್ಪ ಆಳಕ್ಕೆ ಹೋಗಿ. ಉಳಿ ಸರಿಯಾದ ಕೋನದಲ್ಲಿದ್ದರೆ ಸಿಪ್ಪೆ ಸರಾಗವಾಗಿ ಬರುತ್ತದೆ, ಸದ್ದು ಮೆತ್ತಗಿರುತ್ತದೆ. ಕರಕರ ಸದ್ದು ಬಂದರೆ ನಿಲ್ಲಿಸಿ ಸಾಣೆ ಹಿಡಿಯಿರಿ.

ಒಳಗಿನ ಆಕಾರ ಮೊಟ್ಟೆಯ ಅರ್ಧದ ಹಾಗಿರಲಿ. ತಳ ಗುಂಡಗಿರಬೇಕು, ಚೂಪಾಗಬಾರದು. ಕೊನೆಗೆ ಸ್ಕ್ರೇಪರ್‌ನಿಂದ ಏರುತಗ್ಗು ತೆಗೆಯಿರಿ. ಒಳಗೆ ಬಳಸುವಾಗ ಸ್ಕ್ರೇಪರ್‌ನ ಅಂಚು ನಡುಗೆರೆಗಿಂತ ತುಸು ಮೇಲೆ, ಮೂಗು ತುಸು ಕೆಳಕ್ಕೆ ಬಾಗಿರಲಿ. ಆಗ ಅದು ಕಚ್ಚಿಕೊಂಡರೂ ಮರದೊಳಗೆ ನುಗ್ಗುವುದಿಲ್ಲ, ಖಾಲಿ ಜಾಗಕ್ಕೆ ಇಳಿಯುತ್ತದೆ. ಆಳ 70 ಮಿ.ಮೀ.ಗೆ ನಿಲ್ಲಿಸಿ.

ಬಾಯಂಚಿನ ದಪ್ಪವನ್ನು ಈಗಲೇ ನಿಶ್ಚಯ ಮಾಡಿ. ನಾನು ತಪ್ಪಿದ್ದು ಇಲ್ಲೇ. ಒಳಬಾಯಿ 64 ಮಿ.ಮೀ. ಮಾಡಿದರೆ ಹೊರಗೆ 70 ಬಂದಾಗ ಗೋಡೆ 3 ಮಿ.ಮೀ. ಉಳಿಯುತ್ತದೆ. ತುಟಿಗೆ ಅದು ಹಿತವಾಗಿರುತ್ತದೆ. ಅಂಚಿನ ಒಳಮೂಲೆಯನ್ನು ಗುಂಡು ಮಾಡಿ.

ಆಮೇಲೆ ಉಜ್ಜುವುದು. ವೇಗ 600ಕ್ಕೆ ಇಳಿಸಿ. ಬಟ್ಟಲಿನ ಒಳಗೆ ಬೆರಳು ಹಾಕಬೇಡಿ. ಕೋಲಿನ ತುದಿಗೆ ಸ್ಪಂಜು ಕಟ್ಟಿ, ಅದಕ್ಕೆ ಸ್ಯಾಂಡ್‌ಪೇಪರ್ ಸುತ್ತಿ ಬಳಸಿ. 120, 180, 240, 320, 400 ನಂಬರ್ ಹೀಗೆ ಒಂದನ್ನೂ ಬಿಡದೆ ಹೋಗಿ. ಒಂದೇ ಜಾಗದಲ್ಲಿ ಒತ್ತಿ ಹಿಡಿದರೆ ಬಿಸಿಗೆ ಕೂದಲೆಳೆಯಷ್ಟು ಸಣ್ಣ ಬಿರುಕು ಬೀಳುತ್ತದೆ, ಆದ್ದರಿಂದ ಪೇಪರ್ ಸರಿಸುತ್ತಲೇ ಇರಿ. ಒಳಭಾಗದ ಕೆಲಸ ಇಲ್ಲಿಗೆ ಮುಗಿಯಿತು. ಮತ್ತೆ ಒಳಗೆ ಹೋಗುವುದಿಲ್ಲ.

3. ಬಟ್ಟಲಿನ ಹೊರಮೈ

ಒಳಗಿನ ಆಳ ಅಳೆದು, ಅಷ್ಟೇ ದೂರಕ್ಕೆ ಹೊರಮೈ ಮೇಲೆ ಪೆನ್ಸಿಲ್ ಗೆರೆ ಹಾಕಿ. ಅದರಿಂದ 10 ಮಿ.ಮೀ. ಚಕ್ ಕಡೆಗೆ ಇನ್ನೊಂದು ಗೆರೆ. ಮೊದಲ ಗೆರೆ ಬಟ್ಟಲಿನ ಒಳತಳ, ಎರಡನೆಯದು ಬಟ್ಟಲು ಮುಗಿದು ದಂಟು ಶುರುವಾಗುವ ಜಾಗ. ಈ ಎರಡು ಗೆರೆ ಮರೆತವರು ತಳಕ್ಕೇ ತೂತು ಮಾಡಿಕೊಳ್ಳುತ್ತಾರೆ.

ಎರಡನೇ ಗೆರೆಯ ಆಚೆಗೆ ಪಾರ್ಟಿಂಗ್ ಟೂಲ್‌ನಿಂದ ಜಾಗ ತೆರೆಯಿರಿ. ಈಗಲೇ ತುಂಬಾ ಆಳಕ್ಕೆ ಹೋಗಬೇಡಿ, ಆ ಜಾಗದಲ್ಲಿ 40 ಮಿ.ಮೀ. ದಪ್ಪ ಉಳಿಯಲಿ. ಆಮೇಲೆ ಸ್ಪಿಂಡಲ್ ಗೌಜ್‌ನಿಂದ ಬಾಯಂಚಿನಿಂದ ದಂಟಿನ ಕಡೆಗೆ, ದಪ್ಪದಿಂದ ತೆಳುವಿಗೆ ಇಳಿಯುತ್ತಾ ಬನ್ನಿ. ಮಧ್ಯೆ ಮಧ್ಯೆ ಲೇತ್ ನಿಲ್ಲಿಸಿ ಕ್ಯಾಲಿಪರ್‌ನಿಂದ ಗೋಡೆ ಅಳೆಯಿರಿ. ಅಂಚಿನಲ್ಲಿ 3 ಮಿ.ಮೀ., ಕೆಳಗೆ ಬರುತ್ತಾ 4, ತಳದ ಹತ್ತಿರ 5. ಹೊರಗಿನ ಗೆರೆ ಒಳಗಿನ ಗೆರೆಯ ಜೊತೆಗೇ ಹೋಗಬೇಕು. ಕೈಗೆ ತೆಗೆದುಕೊಂಡವರು ಬೆರಳಲ್ಲೇ ಇದನ್ನು ಗುರುತಿಸುತ್ತಾರೆ. ಹೊರಮೈಯನ್ನೂ 400ರವರೆಗೆ ಉಜ್ಜಿ ಮುಗಿಸಿ.

4. ಎರಡು ಬಳೆ

ಮೊದಲು ಬಟ್ಟಲಿಗೆ ಆಸರೆ ಕೊಡಬೇಕು. ಬೇಡದ ಮರದಲ್ಲಿ ಬಟ್ಟಲಿನ ತಳಕ್ಕೆ ತಲುಪುವ ಗುಂಡು ಮೂಗಿನ ಗೂಟ ಮೊದಲೇ ಮಾಡಿಟ್ಟುಕೊಂಡಿರಿ. ಮೂಗಿಗೆ ಮೆತ್ತನೆಯ ಪೇಪರ್ ಸುತ್ತಿ ಬಟ್ಟಲೊಳಗೆ ಇಟ್ಟು, ಟೇಲ್ ಸ್ಟಾಕ್‌ನ ತಿರುಗುವ ಸೆಂಟರ್ ತಂದು ತಾಗಿಸಿ. ಬರೀ ತಾಗಿದರೆ ಸಾಕು. ಒತ್ತಿದರೆ ಮುಂದೆ ದಂಟು ತೆಳುವಾದಾಗ ಬಿಲ್ಲಿನ ಹಾಗೆ ಬಾಗುತ್ತದೆ.

ದಂಟಿನ 75 ಮಿ.ಮೀ. ಉದ್ದವನ್ನು 40 ಮಿ.ಮೀ. ದಪ್ಪಕ್ಕೆ ಇಳಿಸಿ. ನಡುವೆ ತಲಾ 7 ಮಿ.ಮೀ. ಅಗಲದ ಎರಡು ಪಟ್ಟಿ ಗುರುತಿಸಿ, ಅವುಗಳ ಮಧ್ಯೆ 10 ಮಿ.ಮೀ. ಜಾಗ ಬಿಡಿ. ಪಟ್ಟಿಗಳನ್ನು ಬಿಟ್ಟು ಉಳಿದದ್ದನ್ನೆಲ್ಲ 24 ಮಿ.ಮೀ.ಗೆ ಇಳಿಸಿ. ಈಗ ದಂಟಿನ ಮೇಲೆ ಎರಡು ಚಕ್ರ ನಿಂತ ಹಾಗೆ ಕಾಣುತ್ತದೆ.

ಚಕ್ರದ ಹೊರ ಅಂಚುಗಳನ್ನು ಎರಡೂ ಕಡೆಯಿಂದ ಗುಂಡು ಮಾಡಿ. ಬಿಡಿಸುವ ಮೊದಲೇ ಹೊರಗನ್ನು ಪೂರ್ತಿ ಉಜ್ಜಿ, ಬಿಡಿಸಿದ ಮೇಲೆ ಅದನ್ನು ತಿರುಗಿಸುವುದಕ್ಕೆ ಏನೂ ಇರುವುದಿಲ್ಲ. ಆಮೇಲೆ ಕೊಕ್ಕೆ ಟೂಲ್‌ನಿಂದ ಬುಡವನ್ನು ಒಂದು ಕಡೆಯಿಂದ ಅರ್ಧ, ಇನ್ನೊಂದು ಕಡೆಯಿಂದ ಅರ್ಧ ಕೆತ್ತಿ. ವೇಗ 800. ಕೊಕ್ಕೆಯನ್ನು ದೂಡಬೇಡಿ, ಕೆರೆಯುತ್ತಾ ಹೋಗಲಿ. ಎರಡೂ ಕಡೆಯ ಕಟ್ ಸೇರುವ ಕ್ಷಣ ಸದ್ದು ಬದಲಾಗುತ್ತದೆ, ಬಳೆ ದಂಟಿನ ಮೇಲೆ ಸಡಿಲವಾಗಿ ಕುಣಿಯತೊಡಗುತ್ತದೆ. ಆಗ ಆಗುವ ಖುಷಿ ದೊಡ್ಡದು. ಕೂಡಲೇ ಲೇತ್ ನಿಲ್ಲಿಸಿ.

ಬಳೆಯನ್ನು 5 ಮಿ.ಮೀ.ಗಿಂತ ತೆಳು ಮಾಡಬೇಡಿ. ದಂಟಿನಲ್ಲಿ ಎಳೆ ಉದ್ದಕ್ಕೆ ಓಡುವುದರಿಂದ ಅದು ಗಟ್ಟಿ. ಬಳೆಯಲ್ಲಿ ಅದೇ ಎಳೆ ಅಡ್ಡಕ್ಕೆ ತುಂಡಾಗಿ ಕೆಲವೇ ಮಿ.ಮೀ. ಉದ್ದ ಉಳಿದಿರುತ್ತದೆ. ಹಾಗಾಗಿ ಇಡೀ ಗಾಬ್ಲೆಟ್‌ನಲ್ಲಿ ಬೇಗ ಮುರಿಯುವ ಭಾಗ ಅದೇ.

ಬಳೆಯ ಒಳಮೈ ಒರಟಾಗಿರುತ್ತದೆ. ದಂಟಿಗೆ ಎರಡು ಬದಿಯ ಟೇಪ್‌ನಿಂದ ಸ್ಯಾಂಡ್‌ಪೇಪರ್ ಅಂಟಿಸಿ, ಒರಟು ಮುಖ ಹೊರಗಿರಲಿ. ತುಂಬಾ ಕಡಿಮೆ ವೇಗದಲ್ಲಿ ದಂಟನ್ನು ತಿರುಗಿಸಿ, ಬಳೆಯನ್ನು ಎರಡು ಬೆರಳಲ್ಲಿ ಹಗುರವಾಗಿ ಹಿಡಿದು ಅದಕ್ಕೆ ತಾಗಿಸಿ. ಒಳಗೂ ನಯವಾಗುತ್ತದೆ.

5. ದಂಟು

ಉಳಿಗೆ ಹೊಸದಾಗಿ ಸಾಣೆ ಹಿಡಿಯಿರಿ. ಮೊಂಡು ಉಳಿಯನ್ನು ಒತ್ತಬೇಕಾಗುತ್ತದೆ, ತೆಳು ದಂಟು ಒತ್ತಡ ತಡೆಯುವುದಿಲ್ಲ.

ಎರಡೂ ಬಳೆಯನ್ನು ಪಾದದ ಕಡೆಗೆ ಸರಿಸಿ ಟೇಪ್ ಹಚ್ಚಿ. ಬಟ್ಟಲಿನ ಬುಡದಿಂದ ಶುರು ಮಾಡಿ. ಒಂದು ಸಲಕ್ಕೆ 20 ಮಿ.ಮೀ.ನಷ್ಟು ಉದ್ದ ಮಾತ್ರ ತೆಗೆದುಕೊಳ್ಳಿ. ಅದನ್ನು ಕೊನೆಯ ದಪ್ಪಕ್ಕೆ, ಅಂದ್ರೆ 10 ಮಿ.ಮೀ.ಗೆ ತಂದು, ಉಜ್ಜಿ, ಮುಗಿಸಿ. ಆಮೇಲೆ ಮುಂದಿನ 20. ಇಡೀ ದಂಟನ್ನು ಒಟ್ಟಿಗೆ ತೆಳು ಮಾಡಲು ಹೋದರೆ ನಡುವೆ ನಡುಗಲು ಶುರುವಾಗುತ್ತದೆ, ಸುರುಳಿ ಗೆರೆಗಳು ಬೀಳುತ್ತವೆ. ಮುಂದೆ ಯಾವಾಗಲೂ ದಪ್ಪ ಮರ ಇದ್ದರೆ ಉಳಿಗೆ ಆಸರೆ ಸಿಗುತ್ತದೆ. ಆದರೂ ನಡುಕ ಕಂಡರೆ ಎಡಗೈಯ ಬೆರಳುಗಳನ್ನು ದಂಟಿನ ಹಿಂದೆ ಹಗುರವಾಗಿ ಇಟ್ಟು, ಹೆಬ್ಬೆರಳಿಂದ ಉಳಿಯನ್ನು ರೆಸ್ಟ್ ಮೇಲೆ ಹಿಡಿಯಿರಿ. ಬೆರಳು ಬಿಸಿಯಾದರೆ ಒತ್ತಡ ಜಾಸ್ತಿಯಾಗಿದೆ ಅಂತ ಅರ್ಥ.

ಅರ್ಧ ದಾಟಿದ ಮೇಲೆ ಬಳೆಗಳನ್ನು ಬಟ್ಟಲಿನ ಕಡೆಗೆ ತಂದು ಅಲ್ಲಿ ಟೇಪ್ ಹಚ್ಚಿ, ಉಳಿದರ್ಧ ಕಡೆಯಿರಿ. ದಂಟಿನ ಮೇಲೆ ಗುಬ್ಬಿ, ಗಂಟು, ಅಲಂಕಾರ ಬೇಕಾ? ನನ್ನ ಮಾತು ಕೇಳಿದರೆ ಬೇಡ. ಎರಡು ಬಳೆ ಇರುವಾಗ ದಂಟು ಸರಳವಾಗಿದ್ದರೇ ಚೆಂದ.

6. ಪಾದ

ಪಾದದ ಅಗಲ 62 ಮಿ.ಮೀ. ಬಾಯಿಗಿಂತ ಸ್ವಲ್ಪ ಚಿಕ್ಕದು, ಆದರೆ ತೀರಾ ಚಿಕ್ಕದಾದರೆ ತುಂಬಿದ ಗಾಬ್ಲೆಟ್ ಉರುಳುತ್ತದೆ. ದಂಟಿನಿಂದ ಪಾದಕ್ಕೆ ಇಳಿಯುವ ತಿರುವು ಮೆಲ್ಲಗೆ ಹರಡಲಿ, ಇಲ್ಲಿ ಚೂಪು ಮೂಲೆ ಇದ್ದರೆ ದಂಟು ಅಲ್ಲೇ ಮುರಿಯುತ್ತದೆ. ಅಂಚಿನ ದಪ್ಪ 4 ಮಿ.ಮೀ. ಸಾಕು.

ಬೇರ್ಪಡಿಸುವಾಗ ಪಾರ್ಟಿಂಗ್ ಟೂಲ್‌ನ ಮೂಗನ್ನು ತುಸು ಬಟ್ಟಲಿನ ಕಡೆಗೆ ಓರೆ ಮಾಡಿ. ಆಗ ಪಾದದ ಕೆಳಗೆ ಸಣ್ಣ ತಗ್ಗು ಬರುತ್ತದೆ, ಗಾಬ್ಲೆಟ್ ಅಂಚಿನ ಮೇಲೆ ನಿಲ್ಲುತ್ತದೆ, ಅಲ್ಲಾಡುವುದಿಲ್ಲ. 10 ಮಿ.ಮೀ. ಉಳಿದಾಗ ಲೇತ್ ನಿಲ್ಲಿಸಿ. ಉಳಿದದ್ದನ್ನು ಸಣ್ಣ ಹಲ್ಲಿನ ಗರಗಸದಿಂದ ಕೊಯ್ಯಿರಿ. ತಿರುಗುತ್ತಿರುವಾಗಲೇ ಪೂರ್ತಿ ಕತ್ತರಿಸಲು ಹೋದರೆ ಕೊನೆಯ ಎಳೆಗಳು ಕಿತ್ತು ಪಾದದಲ್ಲಿ ಗುಂಡಿ ಬೀಳುತ್ತದೆ. ಮಿಕ್ಕ ಗುಬ್ಬಿಯನ್ನು ಚೂಪಾದ ಉಳಿಯಿಂದ ಕೆತ್ತಿ ಉಜ್ಜಿ. ಜೋಡಿಯ ಹೆಸರು, ಮದುವೆಯ ದಿನ ಬರೆಯುವುದಾದರೆ ಈ ತಗ್ಗೇ ಸರಿಯಾದ ಜಾಗ. ಸುಡುವ ಪೆನ್ನಿನಿಂದ ಎಣ್ಣೆ ಹಚ್ಚುವ ಮೊದಲೇ ಬರೆಯಿರಿ.

7. ಎಣ್ಣೆ

ಕುಡಿಯಲು ಬಳಸುತ್ತಾರೆ ಅಂತಲೇ ಎಣಿಸಿ ಆರಿಸಿ. ಶೆಲ್ಯಾಕ್ ಹೊಳಪು ಚೆಂದ, ಆದರೆ ಅದು ಮದ್ಯಸಾರದಲ್ಲಿ ಕರಗುತ್ತದೆ. ವೈನ್ ಬೀಳುವ ಬಟ್ಟಲಿಗೆ ಆಗುವುದಿಲ್ಲ. ಅಂಗಡಿಯ ಬಾಯ್ಲ್ಡ್ ಅಗಸೆ ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ಲವಣ ಸೇರಿಸಿರುತ್ತಾರೆ, ಅದೂ ಬೇಡ. ಅಡುಗೆ ಎಣ್ಣೆಗಳಲ್ಲಿ ಬಹಳಷ್ಟು ಒಣಗುವುದೇ ಇಲ್ಲ, ವಾಸನೆ ಬರುತ್ತವೆ. ಶುದ್ಧ ಟಂಗ್ ಎಣ್ಣೆ ನನ್ನ ಆಯ್ಕೆ. ತೆಳುವಾಗಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಮಿಕ್ಕದ್ದನ್ನು ಒರೆಸಿ. ಒಂದೆರಡು ದಿನ ಬಿಟ್ಟು ಮತ್ತೆ. ಹೀಗೆ ನಾಲ್ಕೈದು ಸಲ. ಟಂಗ್ ಎಣ್ಣೆಯೂ ವಾಲ್ನಟ್ ಎಣ್ಣೆಯೂ ಬೀಜದಿಂದ ತೆಗೆದದ್ದು. ಜೋಡಿಯಲ್ಲಿ ಯಾರಿಗಾದರೂ ಬೀಜಗಳ ಅಲರ್ಜಿ ಇದ್ದರೆ ಆಹಾರಕ್ಕೆ ಸುರಕ್ಷಿತ ಎಂದು ಬರೆದಿರುವ, ಗಟ್ಟಿಯಾಗುವ ವಾರ್ನಿಶ್ ಬಳಸಿ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಒಣಗುವ ಎಣ್ಣೆ ಬಿಸಿ ಹುಟ್ಟಿಸುತ್ತದೆ, ಮುದ್ದೆಯೊಳಗೆ ಬಿಸಿ ಕೂಡಿ ತಾನಾಗಿ ಬೆಂಕಿ ಹತ್ತಬಹುದು. ಹೊರಗೆ ಬಿಡಿಸಿ ಹರಡಿ ಒಣಗಿಸಿ.

ಉಡುಗೊರೆಯ ಜೊತೆ ಒಂದು ಚೀಟಿ ಇಡಿ: ಬಳಸಿದ ಕೂಡಲೇ ತಣ್ಣೀರಲ್ಲಿ ತೊಳೆದು ಒರೆಸಿ, ನೀರಲ್ಲಿ ನೆನೆಹಾಕಬೇಡಿ, ಪಾತ್ರೆ ತೊಳೆಯುವ ಮೆಷಿನ್‌ಗೆ ಹಾಕಬೇಡಿ, ಬಿಸಿ ಪಾನೀಯ ಬೇಡ, ಬಿಸಿಲಲ್ಲಿ ಇಡಬೇಡಿ. ಕಟ್ಟುವಾಗ ಎರಡೂ ಬಳೆಗಳ ನಡುವೆ, ಬಳೆಗೂ ದಂಟಿಗೂ ನಡುವೆ ಮೆತ್ತನೆಯ ಪೇಪರ್ ತುರುಕಿ. ದಾರಿಯಲ್ಲಿ ಅವು ಒಂದಕ್ಕೊಂದು ಬಡಿದುಕೊಳ್ಳಬಾರದು ಅಲ್ವಾ.